ನಿಂಬೆಗೆ ನೀರು ಬಿಡುವ ದಿನ

ಅತ್ತಿ,

ನೀವು ತೀರಿಕೊಂಡ ಮೇಲೆ ಈ ನಿಂಬೆ ತೋಟಕ್ಕೆ ಮೊದಲ ಸಲ ನೀರು ನಿಲ್ಲಿಸಿದ್ದು ನಾನು. ಅಂದಿನಿಂದ ಕೂತರೆ ಕೂರಲಾಗುತ್ತಿಲ್ಲ, ನಿಂತರೆ ನಿಲ್ಲಲಾಗುತ್ತಿಲ್ಲ. ಯಾರ ಹತ್ತಿರ ಹೇಳಿಕೊಳ್ಳಲಿ? ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ನಾನು ಸೊಸೆಯಾಗಿ ಇಂಡಿಗೆ ಬಂದ ವರ್ಷ ನೆನಪಿದೆಯೇ? ಹಸ್ತದ ಮಳೆ ಮುಗಿದ ಕೂಡಲೇ ನೀವು ಮೋಟರಿನ ಪೆಟ್ಟಿಗೆಗೆ ಕೀಲಿ ಹಾಕಿ, ಕೀಲಿಕೈಯನ್ನು ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡಿರಿ. ಬಾವಿ ತುಂಬ ನೀರಿತ್ತು, ಗಿಡಗಳ ಎಲೆ ಮುದುಡುತ್ತಿತ್ತು. ತಾಳಿಕೋಟೆ ಕಡೆ ಬರೀ ಜೋಳ, ತೊಗರಿ ಕಂಡು ಬೆಳೆದ ನನಗೆ ನಿಂಬೆಯ ವಿಷಯ ಏನು ಗೊತ್ತು? ಇದೆಂಥ ಕಟುಕತನ ಎಂದು ಗೊಣಗಿದ್ದೆ. ನೀರು ಕೊಡುತ್ತಲೇ ಇದ್ದರೆ ಗಿಡ ಬರೀ ಎಲೆ ಬಿಡುತ್ತದೆ, ಬೇಸಿಗೆಗೆ ಕಾಯಿ ಬೇಕಿದ್ದರೆ ಈಗ ಅದು ಬಾಯಾರಲೇಬೇಕು ಎಂದು ತಿಳಿಸಿ ಹೇಳಿದವರು ನೀವು. ಆದರೆ ಒಂದೆರಡು ದಿನ ಹೆಚ್ಚಾದರೂ ಗಿಡ ಒಣಗಿಯೇ ಹೋಗುತ್ತದೆ. ಆ ಸರಿಯಾದ ದಿನವನ್ನು ನೀವು ಹೇಗೆ ಹಿಡಿಯುತ್ತಿದ್ದಿರೋ...

ಒಂದು ನಸುಕಿನಲ್ಲಿ ನನ್ನನ್ನು ಎಬ್ಬಿಸಿಕೊಂಡು ಹೋಗಿ ತೋರಿಸಿದ್ದಿರಿ. ಮಧ್ಯಾಹ್ನ ಮುದುಡಿದ ಎಲೆ ಬೆಳಗಿನ ತಂಪಿಗೆ ಬಿಚ್ಚಿಕೊಂಡರೆ ಗಿಡಕ್ಕೆ ಇನ್ನೂ ತ್ರಾಣವಿದೆ, ಬಿಚ್ಚಿಕೊಳ್ಳದಿದ್ದರೆ ಅಂದೇ ನೀರು. ಈ ಸಲ ನಾನೂ ಹಾಗೇ ದಿನಾ ನೋಡಿದೆ. ಬದುವಿನಾಚೆ ತೊಗರಿ ಹೂಬಿಟ್ಟಿತು, ಜೇನುಹುಳಗಳು ನಮ್ಮನ್ನು ಬಿಟ್ಟು ಅಲ್ಲಿಗೇ ಗುಳೆ ಹೋದವು. ಚಿಗುರಿಲ್ಲದ್ದರಿಂದ ಎಲೆ ತಿನ್ನುವ ಹಸಿರು ಹುಳುವೂ ಇಲ್ಲ, ಅದನ್ನು ಹೆಕ್ಕುವ ಹಕ್ಕಿಯೂ ಇಲ್ಲ. ಪ್ರತಿ ಚಳಿಗೆ ಉತ್ತರದಿಂದ ಬರುತ್ತದಲ್ಲ, ಬಾಲ ಕುಣಿಸುವ ಆ ಬೂದು ಹಕ್ಕಿ, ಅದೂ ಬಂತು. ನಮ್ಮ ಒಣ ಪಾತಿಯಲ್ಲಿ ಅತ್ತಿತ್ತ ಓಡಾಡಿ, ಹಸಿ ಮಣ್ಣು ಸಿಗದೆ ಪಕ್ಕದ ಮಹಿಬೂಬ ಕಾಕಾನ ತೋಟಕ್ಕೆ ಹಾರಿತು. ಕಾಕಾ ಆಗಲೇ ನೀರು ಬಿಟ್ಟಿದ್ದರು. ನನಗೆ ಆ ಹಕ್ಕಿಯ ಮೇಲೂ ಸಿಟ್ಟು ಬಂತು.

ನಿಮ್ಮ ಮಗನದು ದಿನಾ ಒಂದೇ ರಾಗ, ನೀರು ಬಿಡು ಅಂತ. ಎಲೆ ಉದುರಿ ಪಾತಿ ತುಂಬಿದ ದಿನ, "ನೀ ಏನ್ ಅವ್ವ ಅಲ್ಲ" ಎಂದುಬಿಟ್ಟರು.

"ಅವ್ವ ಅಲ್ಲಂತ ಗೊತ್ತೈತ್ರಿ. ಅದಕ್ಕ ಹೆದರಾಕತ್ತೇನಿ" ಅಂದೆ. ಅಂದು ನನಗೆ ಊಟ ಸೇರಲಿಲ್ಲ.

ಮರುದಿನ ಮೋಡ ಕವಿಯಿತು. ಬೆಳಗ್ಗೆ ನೋಡಿದರೆ ಕೆಲವು ಎಲೆ ಬಿಚ್ಚಿವೆ, ಕೆಲವು ಇಲ್ಲ. ಬಿಚ್ಚಿದ್ದು ಮೋಡದ ತಂಪಿಗೋ, ಗಿಡದ ತ್ರಾಣಕ್ಕೋ? ಇದನ್ನು ನೀವು ಹೇಳಿಕೊಟ್ಟಿರಲೇ ಇಲ್ಲ. ತಡೆಯಲಾರದೆ ಕಾಕಾನ ಹತ್ತಿರ ಹೋಗಿ, ನಮ್ಮತ್ತಿ ಇಂಥ ದಿನ ಏನು ಮಾಡುತ್ತಿದ್ದರು ಎಂದು ಕೇಳಿದೆ. ಅವರು ಮೆಲ್ಲಗೆ ನಕ್ಕರು.

"ಪ್ರತಿ ವರ್ಷ ಇಲ್ಲೇ ಬಂದು ನಿಂದ್ರತಿದ್ಲವಾ. ಗಿಡ ಸಾಯ್ತಾವೇನೋ ಮಹಿಬೂಬಣ್ಣ, ನನಗ ತಿಳೀವಲ್ದು ಅಂತ ಅಳತಿದ್ಲು."

ಅತ್ತಿ, ನೀವು? ನಮ್ಮೆದುರು ಒಂದು ದಿನವೂ ಮುಖ ಸಣ್ಣದು ಮಾಡದ ನೀವು? ಇಷ್ಟು ವರ್ಷ ನಿಮ್ಮ ಆ ಗತ್ತನ್ನು ನೋಡಿ ನಾನೇ ದಡ್ಡಿ ಅಂದುಕೊಂಡಿದ್ದೆ. ನನ್ನ ಹತ್ತಿರ ಒಂದು ಮಾತು ಹೇಳಬಾರದಿತ್ತೇ... ಬದುವಿನ ಮೇಲೆ ಕೂತು ಅತ್ತುಬಿಟ್ಟೆ. ನಿಮ್ಮ ಮೇಲೆ ಸಿಟ್ಟೂ ಇತ್ತು, ಈಗ ನೀವು ಇರಬೇಕಿತ್ತು ಅಂತಲೂ ಅನಿಸುತ್ತಿತ್ತು.

ಆಮೇಲೆ ಯಾರನ್ನೂ ಕೇಳಲಿಲ್ಲ. ಮೋಡ ಸರಿದ ಮಾರನೆಯ ಬೆಳಗ್ಗೆ ಒಂದು ಎಲೆಯೂ ಬಿಚ್ಚಿರಲಿಲ್ಲ. ಪೆಟ್ಟಿಗೆಯ ಕೀಲಿ ತೆಗೆದು ಮೋಟರು ಚಾಲೂ ಮಾಡಿದೆ. ಮೊದಲು ತುಸುವೇ ನೀರು, ಆಮೇಲೆ ಪಾತಿ ತುಂಬ. ಅಂದಿನಿಂದ ಒಲೆಯ ಮೇಲೆ ಇಟ್ಟದ್ದನ್ನೂ ಮರೆತು ತೋಟಕ್ಕೆ ಓಡುತ್ತಿದ್ದೇನೆ. ಮೂಲೆಯ ಎರಡು ಗಿಡ ಇನ್ನೂ ಬೋಳಾಗಿವೆ, ಬದುಕುತ್ತವೋ ಇಲ್ಲವೋ ಗೊತ್ತಿಲ್ಲ.

ಉಳಿದವುಗಳ ಸುದ್ದಿ ಕೇಳಿ. ಇಂದು ಬೆಳಗ್ಗೆ ಕೊಂಬೆಗಳಲ್ಲಿ ಎಳ್ಳುಕಾಳಿನಷ್ಟು ಮೊಗ್ಗು ಕಂಡೆ. ಮೊದಲು ಒಂದು ಗಿಡ, ನೋಡುತ್ತಾ ಹೋದರೆ ಸಾಲಿಗೆ ಸಾಲು. ನಿಮ್ಮ ಮಗನಿಗೆ ಇನ್ನೂ ಹೇಳಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಹೇಳುತ್ತೇನೆ. ನೀವು ಎಷ್ಟು ಹೆದರುತ್ತಿದ್ದಿರಿ ಅನ್ನುವುದನ್ನೂ ಹೇಳುತ್ತೇನೆ, ಕ್ಷಮಿಸಿ. ಬರುವ ವರ್ಷ ಇಂಥದೇ ಮೋಡ ಕವಿದರೆ ನಾವು ಗಂಡ ಹೆಂಡತಿ ಜೊತೆಗೇ ಹೆದರುತ್ತೇವೆ.