ಸೋಡಾದೊಳಗಿನ ನೀರಿನ ತೂಕ

ಚಾಕಣ, ಪುಣೆ
೧೪ ಸೆಪ್ಟೆಂಬರ್ ೨೦೦೩

ಮಲಕಪ್ಪ ಕಾಕಾ ಅವರಿಗೆ, ನಿಮ್ಮ ಮಾನಮ್ಮ ಮಾಡುವ ಶರಣಾರ್ಥಿ.

ಮೊದಲು ಸುದ್ದಿ ಹೇಳಿಬಿಡುತ್ತೇನೆ. ನೀವು ವಾಷಿಂಗ್ ಸೋಡಾ ಕದ್ದಿಲ್ಲ ಎಂಬುದು ಇಡೀ ಕಾರ್ಖಾನೆಯ ಎದುರು ಸಾಬೀತಾಗಿದೆ. ಈ ಸಾಲನ್ನು ಕಾಶವ್ವ ಕಾಕುಗೆ ಎರಡು ಸಲ ಓದಿ ಹೇಳಿ. ನಿಮಗೆ ಓದಲು ಸುಲಭವಾಗಲೆಂದು ದಪ್ಪಕ್ಷರದಲ್ಲಿ ಬರೆಯುತ್ತಿದ್ದೇನೆ.

ನಿಮ್ಮನ್ನು ಕೆಲಸದಿಂದ ತೆಗೆದ ದಿನ ದಿಗಂಬರ ಸಾಹೇಬರ ಕೈಯಲ್ಲಿದ್ದದ್ದು ನಾನು ಬರೆದ ಪರೀಕ್ಷೆಯ ಕಾಗದ. ಲೇಪ ಸಿಪ್ಪೆಯಂತೆ ಏಳುತ್ತಿದೆ ಎಂದು ಗಿರಾಕಿಗಳು ಮಾಲು ವಾಪಸ್ ಕಳಿಸಿದ್ದರು. ಲೇಪ ಹಚ್ಚುವ ಮೊದಲು ಬಿಡಿಭಾಗಗಳ ಎಣ್ಣೆ ಜಿಡ್ಡು ತೊಳೆಯುವ ಸೋಡಾ ತೊಟ್ಟಿ ನಿಮ್ಮದು, ಅದರ ನೀರು ಪರೀಕ್ಷಿಸುವ ಕೆಲಸ ನನ್ನದು. ಹತ್ತು ಕಿಲೋ ಸೋಡಾ ಹಾಕಿದ್ದೇನೆ ಎಂದು ನೀವು ಹೇಳಿದ್ದಿರಿ. ನನಗೆ ಸಿಕ್ಕಿದ್ದು ನಾಲ್ಕು ಕಿಲೋಗೂ ಕಡಿಮೆ. ಉಳಿದದ್ದನ್ನು ಹೊರಗೆ ಮಾರಿಕೊಂಡಿದ್ದೀರಿ ಎಂದರು ಸಾಹೇಬರು. ಆಗ ನೀವು, "ಸಾಹೇಬ್ರ, ಹೊಸಾ ಚೀಲದ ಸೋಡಾ ಮೊದಲಿನಂಗ ಇಲ್ರಿ. ಕಲ್ಲಸಕ್ಕರಿ ಹಂಗ ಅದ, ಕೈಯಾಗ ಹಿಡದ್ರ ತಣ್ಣಗ ಹತ್ತತದ" ಎಂದಿರಿ. ಎಲ್ಲರೂ ನಕ್ಕರು. ನೀವು ನನ್ನ ಕಡೆ ನೋಡಿದಿರಿ. ನಾನು ನೆಲ ನೋಡಿದೆ.

"ನಮ್ಮ ಹುಡುಗಿ ಲೆಕ್ಕದಾಗ ಭಾಳ ಚುರುಕ ಅದಾಳ್ರಿ" ಎಂದು ಸಾಹೇಬರಿಗೆ ಹೇಳಿ ನನಗೆ ಈ ಕೆಲಸ ಕೊಡಿಸಿದವರು ನೀವು. ನನ್ನ ಅಂಕಿ ತಪ್ಪಿರಲಿಲ್ಲ, ಅದು ನನಗೆ ಗೊತ್ತಿತ್ತು. ನೀವು ಸುಳ್ಳು ಹೇಳುವವರಲ್ಲ, ಅದೂ ಗೊತ್ತಿತ್ತು. ಎರಡೂ ಒಟ್ಟಿಗೆ ನಿಜವಾಗುವುದು ಹೇಗೆಂದು ಮಾತ್ರ ತಿಳಿಯಲಿಲ್ಲ. ನೀವು ಗಾಡಿ ಹತ್ತಿ ಊರಿಗೆ ಹೋದಿರಿ.

ಒಂಬತ್ತು ದಿನ ಕಳೆದ ಮೇಲೆ ಸೋಸುವ ಕಾಗದ ತರಲು ಸ್ಟೋರಿಗೆ ಹೋದೆ. ಅಲ್ಲಿ ನೀವು ಹೇಳಿದ ಆ ಹೊಸ ಚೀಲ ಕಂಡಿತು. ಮೇಲೆ ಸೋಡಾದ ಸೂತ್ರ, ಅದರ ಮುಂದೆ ಒಂದು ಚುಕ್ಕಿ, ಚುಕ್ಕಿಯ ಮುಂದೆ ಹತ್ತು ನೀರು ಎಂದು ಅಚ್ಚಾಗಿತ್ತು. ಹಳೆಯ ಚೀಲ ಹುಡುಕಿ ನೋಡಿದೆ. ಅದರ ಮೇಲೆ ಚುಕ್ಕಿಯೂ ಇಲ್ಲ, ನೀರೂ ಇಲ್ಲ. ಸ್ಟೋರಿನ ಸಿದ್ದಲಿಂಗಪ್ಪನವರು, "ವ್ಯಾಪಾರಿ ಬದಲಾಗ್ಯಾನವ್ವ. ಸೋಡಾ ಅಂದ್ರ ಸೋಡಾನ ಅಲ್ಲೇನು? ಎರಡೂ ಬಿಳೇನ ಅದಾವ" ಎಂದರು.

ಅಲ್ಲೇ ಚೀಲದ ಮೇಲೆ ಕೂತು ಅಂಗೈಯಲ್ಲಿ ಲೆಕ್ಕ ಬರೆದೆ. ನಿಮಗೂ ಅರ್ಥವಾಗಬೇಕು ಕಾಕಾ, ಕೇಳಿ. ಎಲ್ಲಕ್ಕಿಂತ ಹಗುರಾದ ಹೈಡ್ರೋಜನ್ ಪರಮಾಣುವಿನ ಭಾರ ಒಂದು ಎಂದು ಹಿಡಿದರೆ ಸೋಡಿಯಂ ಅದರ ಇಪ್ಪತ್ತಮೂರು ಪಟ್ಟು, ಕಾರ್ಬನ್ ಹನ್ನೆರಡು ಪಟ್ಟು, ಆಕ್ಸಿಜನ್ ಹದಿನಾರು ಪಟ್ಟು. ಸೋಡಾದ ಸೂತ್ರದಲ್ಲಿ ಎರಡು ಸೋಡಿಯಂ, ಒಂದು ಕಾರ್ಬನ್, ಮೂರು ಆಕ್ಸಿಜನ್. ನಲವತ್ತಾರು, ಹನ್ನೆರಡು, ನಲವತ್ತೆಂಟು ಕೂಡಿಸಿದರೆ ನೂರಾ ಆರು. ಎರಡು ಹೈಡ್ರೋಜನ್, ಒಂದು ಆಕ್ಸಿಜನ್ ಸೇರಿದ ನೀರಿನದು ಹದಿನೆಂಟು. ಹೊಸ ಹರಳಿನೊಳಗೆ ಸೋಡಾದ ಜೊತೆ ಅಂಥ ಹತ್ತು ನೀರು ಕೂತಿವೆ, ಅಂದರೆ ನೂರಾ ಎಂಬತ್ತು. ಒಟ್ಟು ಇನ್ನೂರ ಎಂಬತ್ತಾರರಲ್ಲಿ ಸೋಡಾ ಬರೀ ನೂರಾ ಆರು! ನೀವು ಹತ್ತು ಕಿಲೋ ತೂಗಿ ಹಾಕಿದ್ದು ನಿಜ. ಅದರಲ್ಲಿ ಆರು ಕಿಲೋಗೂ ಹೆಚ್ಚು ನೀರಿತ್ತು. ಸೋಡಾ ಇದ್ದದ್ದು ಮೂರು ಕಿಲೋ ಏಳುನೂರು ಗ್ರಾಂ. ನನ್ನ ಕಾಗದದಲ್ಲೂ ಅಷ್ಟೇ ಇತ್ತು.

ನೇರ ಸಾಹೇಬರ ಕೋಣೆಗೆ ಹೋದೆ. ಕಾಗದದ ಲೆಕ್ಕ ತಮಗೆ ಬೇಡ ಎಂದರು. "ಹಂಗಾದ್ರ ಲ್ಯಾಬಿಗೆ ಬರ್ರಿ, ಕಣ್ಣಾರೆ ನೋಡ್ರಿ" ಎಂದೆ. ನನಗೆ ಅಷ್ಟು ಧೈರ್ಯ ಎಲ್ಲಿಂದ ಬಂತೋ, ಅವಸರದಲ್ಲಿ ಮರಾಠಿ ಬಿಟ್ಟು ಕನ್ನಡದಲ್ಲೇ ಹೇಳಿಬಿಟ್ಟಿದ್ದೆ. ನಿಮ್ಮ ಮಾತು ಕೇಳಿ ರೂಢಿಯಾಗಿದ್ದ ಅವರಿಗೆ ಅರ್ಥವಾಯಿತು, ಬಂದರು.

ಹರಳನ್ನು ಇಪ್ಪತ್ತೆಂಟು ಪಾಯಿಂಟ್ ಆರು ಗ್ರಾಂ ತೂಗಿ ಬಟ್ಟಲಿಗೆ ಹಾಕಿ ಒಲೆಯ ಮೇಲಿಟ್ಟೆ. ಹತ್ತು ಪಾಯಿಂಟ್ ಆರು ಉಳಿಯುತ್ತದೆ ಎಂದು ಮೊದಲೇ ಹಲಗೆಯ ಮೇಲೆ ಬರೆದೆ. ಹರಳು ತನ್ನ ನೀರಿನಲ್ಲಿ ತಾನೇ ಕರಗಿತು, ಕುದಿಯಿತು, ಆವಿ ಎದ್ದು ಸಾಹೇಬರ ಕನ್ನಡಕ ಮಬ್ಬಾಯಿತು. ಕೊನೆಗೆ ತಳದಲ್ಲಿ ಒಣ ಬಿಳಿ ಪುಡಿ ಉಳಿಯಿತು. ಆರಿಸಿ ತೂಗಿದೆ. ಹತ್ತು ಪಾಯಿಂಟ್ ಏಳು. ಇನ್ನೊಮ್ಮೆ ಕಾಯಿಸಿ ತೂಗಿದರೂ ಅಷ್ಟೇ.

ಸಾಹೇಬರು ಕನ್ನಡಕ ಒರೆಸಿಕೊಂಡು ತಕ್ಕಡಿಯ ಅಂಕಿಯನ್ನು ತಾವೇ ಓದಿದರು. "ಮಗ ಮಲಕಪ್ಪಾ ಖರಂ ಬೋಲತ್ ಹೋತಾ" ಎಂದರು. ಹಾಗಾದರೆ ಮಲಕಪ್ಪ ನಿಜ ಹೇಳುತ್ತಿದ್ದ, ಎಂದು. ನಾನು ಬಿಡಲಿಲ್ಲ. ಕಳ್ಳ ಎಂದು ಎಲ್ಲಿ ಹೇಳಿದಿರೋ ಅಲ್ಲೇ ಇದನ್ನೂ ಹೇಳಿ ಎಂದೆ. ಮರುದಿನ ಪಾಳಿ ಶುರುವಾಗುವ ಮೊದಲು ತೊಟ್ಟಿಯ ಹತ್ತಿರ ಎಲ್ಲರನ್ನೂ ನಿಲ್ಲಿಸಿ ಹೇಳಿದರು. ಅಂದು ನಕ್ಕವರೆಲ್ಲ ಅಲ್ಲಿದ್ದರು. ಒಬ್ಬರೂ ನಗಲಿಲ್ಲ.

ಕಾಕಾ, ಚೀಲ ಬದಲಾದದ್ದನ್ನು ಮೊದಲು ಗುರುತಿಸಿದ್ದು ನಿಮ್ಮ ಕೈ. ನನ್ನ ಓದು ಆಮೇಲೆ ಬಂತು, ಅದೂ ಒಂಬತ್ತು ದಿನ ತಡವಾಗಿ. ನೆಲ ನೋಡಿದ ಆ ಗಳಿಗೆಗೆ ನಿಮ್ಮ ಕ್ಷಮೆ ಕೇಳುತ್ತೇನೆ. ಅದು ಯಾವ ಲೆಕ್ಕದಿಂದಲೂ ಸರಿಹೋಗುವುದಿಲ್ಲ.

ನಿಮ್ಮ ಜಾಗಕ್ಕೆ ಇನ್ನೂ ಯಾರನ್ನೂ ಹಾಕಿಲ್ಲ. ಸಾಹೇಬರ ಪತ್ರ ಬೇರೆ ಬರುತ್ತದೆ. ಬರುವುದು ಬಿಡುವುದು ನಿಮ್ಮ ಇಷ್ಟ, ನಾನು ಒತ್ತಾಯ ಮಾಡುವುದಿಲ್ಲ. ಊರಿನಲ್ಲಿ ಯಾರಾದರೂ ಕೆಲಸ ಬಿಟ್ಟು ಯಾಕೆ ಬಂದೆ ಎಂದು ಕುಹಕವಾಡಿದರೆ ಈ ಕಾಗದ ಅವರ ಕೈಗೆ ಕೊಡಿ. ಇದರಲ್ಲಿರುವ ಒಂದೊಂದು ಅಂಕಿಗೂ ನಾನು ಜವಾಬ್ದಾರಿ.

ನಿಮ್ಮ ತಲೆ ಯಾರೆದುರೂ ತಗ್ಗದಿರಲಿ, ಕಾಕುವಿನ ಮನಸ್ಸು ತಣ್ಣಗಿರಲಿ.

ನಿಮ್ಮ ಮಗಳಂಥವಳು,
ಮಾನಮ್ಮ