ಕನ್ನಡಕಕ್ಕೆ ಬಿಟ್ಟ ಮಾರ್ಜಿನ್

೧೪, ಮಂಗಳವಾರ

ಹೆಂಡತಿಗೆ ಆನ್‌ಲೈನಿನಲ್ಲಿ ತರಿಸಿದ ಕನ್ನಡಕಕ್ಕೆ ಸಾವಿರದ ಇನ್ನೂರು. ಅವಳ ತಲೆನೋವಿನ ಮಾತ್ರೆಗೆ ನೂರೆಂಬತ್ತು. ಈಗ ಹೊಸ ಗಾಜಿಗೆ ಒಂಬೈನೂರು. ದುಡ್ಡು ಉಳಿಸಲು ಹೊರಟವನು ನಾನು.

ಆರ್ಡರ್ ಮಾಡುವಾಗ ಎರಡು ಕಣ್ಣುಪಾಪೆಗಳ ನಡುವಿನ ಅಂತರ ಕೇಳಿದ್ದರು. ಮೂವತ್ತು ವರ್ಷ ಬಟ್ಟೆ ಹೊಲಿದವನಿಗೆ ಅಳತೆ ಹೇಳಿಕೊಡಬೇಕೇ? ಇವಳನ್ನು ಕಿಟಕಿಯ ಹತ್ತಿರ ಕೂರಿಸಿ ಟೇಪು ಹಿಡಿದೆ. ಅರುವತ್ತು ಮಿಲಿಮೀಟರ್ ಬಂತು. ಹೊಲಿಗೆಗೆಂದು ಒಂದಿಷ್ಟು ಹೆಚ್ಚು ಬಟ್ಟೆ, ಮಾರ್ಜಿನ್, ಬಿಡದೆ ಕತ್ತರಿ ಹಾಕಿದ ಕೈಯಲ್ಲ ಇದು. ಆರು ಸೇರಿಸಿ ಅರುವತ್ತಾರು ಅಂತ ಬರೆದೆ.

ಕನ್ನಡಕ ಬಂತು. "ಹೇಗಿದೆ?" ಅಂದೆ. "ಚೆನ್ನಾಗಿದೆ ರೀ" ಅಂದಳು. ಆಮೇಲೆ ನನ್ನ ಹೊಲಿಗೆಗೆ ಮಾಡಿಕೊಡುತ್ತಿದ್ದ ಕೈಕೆಲಸ ಒಂದೊಂದೇ ಬಿಡುತ್ತಾ ಬಂದಳು. ಮೊದಲು ಗುಂಡಿಯ ಕಾಜಾ, ಆಮೇಲೆ ಹೆಮ್ಮಿಂಗ್. ಹೋದ ವಾರ ಸೂಜಿಡಬ್ಬಿಯನ್ನೇ ಓರಗಿತ್ತಿಗೆ ಕೊಟ್ಟುಬಿಟ್ಟಳು. "ನನ್ನ ಕಣ್ಣು ಹೋಯ್ತು ಬಿಡಿ. ನಮ್ಮಮ್ಮಂಗೂ ಹೀಗೇ ಶುರುವಾಗಿದ್ದು." ನಾನು ಮಿಷನ್ ತುಳಿಯುತ್ತಲೇ ಹೂಂ ಅಂದಿದ್ದೆ.

ಇವತ್ತು ತಲೆನೋವು ತಡೆಯಲಾಗದೆ ಕನ್ನಡಕದಂಗಡಿಗೆ ಹೋದೆವು. ಅಂಗಡಿಯವನು ಗಾಜಿನ ಮೇಲೆ ಚುಕ್ಕೆ ಇಟ್ಟು ಅಳೆದು ನೋಡಿದ. "ಅಕ್ಕನ ಕಣ್ಣಿಗೆ ಏನೂ ಆಗಿಲ್ಲ ಮಾಸ್ಟರೇ. ಗಾಜಿನ ನಡುಬಿಂದು ಕಣ್ಣುಪಾಪೆಗೆ ಕೂತಿಲ್ಲ, ಅದಕ್ಕೇ ತಲೆನೋವು. ಈ ಅಳತೆ ಕೊಟ್ಟ ಪುಣ್ಯಾತ್ಮ ಯಾರು?"

ಇವಳು ನನ್ನ ಕಡೆ ನೋಡಲಿಲ್ಲ. ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ಮನೆ ಬಾಗಿಲಿಗೆ ಬಂದಮೇಲೆ, "ಹೊಲಿಗೆ ಯಾಕೆ ಬಿಟ್ಟೆ ಅಂತ ಒಂದು ಮಾತು ಕೇಳಬಹುದಿತ್ತು ನೀವು" ಅಂದಳು. ಎದೆಗೆ ನಾಟಿದ್ದು ಇನ್ನೂ ಅಲ್ಲೇ ಇದೆ.

ಆನ್‌ಲೈನಿನವರಿಗೆ ದುಡ್ಡು ಸಿಕ್ಕಿತು. ಅಂಗಡಿಯವನಿಗೆ ಗಿರಾಕಿ ಸಿಕ್ಕಿತು. ಇವಳಿಗೆ ಸಿಕ್ಕಿದ್ದು ಕುರುಡಾಗುತ್ತೇನೆಂಬ ಎರಡು ತಿಂಗಳ ಭಯ. ನನಗೆ ಕ್ಷಮೆ ಸಿಕ್ಕಿಲ್ಲ, ಕೇಳಿದ್ದರಲ್ಲವೇ ಸಿಗೋದು.