ಆಯ್ತು, ಏಳು

ಅಮ್ಮಾ,

"ಆಯ್ತು, ಏಳು" ಎಂದು ಹೇಳಿ, ಎದುರಿನವರು ಮುಖ ಸಡಿಲಿಸಿದ ಮೇಲೆಯೇ ನೀನು ಫೋಟೋ ತೆಗೆಯುತ್ತಿದ್ದೆಯಲ್ಲ, ಇವತ್ತು ಅದೇ ಮೋಸವನ್ನು ನಿನ್ನ ಮೊಮ್ಮಗಳಿಗೆ ಮಾಡಿದೆ. ಇತ್ತೀಚೆಗೆ ಬಾಯಿಗೆ ಕೈ ಅಡ್ಡ ಹಿಡಿಯದೆ ಅವಳು ನಗುವುದೇ ಇಲ್ಲ. ಇವತ್ತು ಕೈ ಇಳಿಸಿ ನಕ್ಕಳು, ಕ್ಲಿಕ್ಕಿಸಿದೆ. ವಸಡೆಲ್ಲ ಕಾಣುತ್ತಿತ್ತು. ಫೋಟೋ ನೋಡಿ ಅಳುತ್ತಾಳೇನೋ ಎಂದು ಹೆದರಿದೆ.

"ಥೇಟ್ ಅಜ್ಜಿ ತೆಗೆದ ನಿನ್ನ ಫೋಟೋ ಕಣಮ್ಮ," ಎಂದಳು. "ಬೀರು ತಳದಲ್ಲಿ ಬಚ್ಚಿಟ್ಟಿದೀಯಲ್ಲ, ಆ ಕುದುರೆ ನಗು."

ನಾನು ಹಟ ಹಿಡಿದು ನಿನ್ನ ಸ್ಟುಡಿಯೊದ ಗೋಡೆಯಿಂದ ಇಳಿಸಿದ್ದ ಫೋಟೋ. ಅದನ್ನು ಅವಳೇ ಹುಡುಕಿ ತೆಗೆದು, ನಡುಮನೆಯಲ್ಲಿ ತೂಗುಹಾಕಿ, ಪಕ್ಕದಲ್ಲಿ ತನ್ನದಕ್ಕೂ ಮೊಳೆ ಹೊಡೆದಳು.

"ನಿಮ್ಮಜ್ಜಿ ನಗುವೂ ಹೀಗೇ ಇತ್ತು," ಎಂದೆ.

"ತೋರಿಸು."

ನಿನ್ನ ಫೋಟೋ ನಾವ್ಯಾರೂ ತೆಗೆದೇ ಇರಲಿಲ್ಲ. ನಾನೇ ನಕ್ಕು ತೋರಿಸಿದೆ.